ಫ್ರಾನ್ಸಿನಲ್ಲಿ ಪುಸ್ತಕಗಳು ಜಪ್ತಿಯಾದ ಕತೆ

ಅಭಿವ್ಯಕ್ತಿ ಸ್ವಾತಂತ್ರ್ಯದ ಕುರಿತು ನಮ್ಮಲ್ಲಿ ನಡೆಯುವ ಯಾವ ವಿಚಾರ ಸಂಕಿರಣವೂ ವೋಲ್ಟೇರನ ಹೆಸರಿಲ್ಲದೆ ಮುಗಿಯುವುದಿಲ್ಲ. ಎದುರಾಳಿಯ ಮಾತನ್ನು ಒಪ್ಪದೆಯೂ ಆತನ ಮಾತಾಡುವ ಹಕ್ಕಿಗಾಗಿ ಪ್ರಾಣ ಕೊಡುವ ಆ ಪ್ರಸಿದ್ಧ ಹೇಳಿಕೆಯನ್ನು ಭಾಷಣಕಾರರು ಆತನ ಬಾಯಿಗೆ ಹಾಕಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆದರೆ ಅದು ವೋಲ್ಟೇರನ ಮಾತಲ್ಲ. ಇವಿಲಿನ್ ಬಿಯಾಟ್ರಿಸ್ ಹಾಲ್ ಎಂಬ ಇಂಗ್ಲಿಷ್ ಲೇಖಕಿ 1906ರಲ್ಲಿ ವೋಲ್ಟೇರನ ಗೆಳೆಯರ ಬಗ್ಗೆ ಬರೆದ ಪುಸ್ತಕದಲ್ಲಿ, ಆತನ ನಿಲುವನ್ನು ತನ್ನದೇ ಶಬ್ದಗಳಲ್ಲಿ ಸಂಗ್ರಹಿಸಿ ಹೇಳಿದ್ದಳು. ಆ ಹೊತ್ತಿಗೆ ವೋಲ್ಟೇರ್ ಸತ್ತು 128 ವರ್ಷಗಳಾಗಿದ್ದವು.

ಫ್ರಾನ್ಸಿನ ವಾಕ್ ಸ್ವಾತಂತ್ರ್ಯದ ಕತೆಯಲ್ಲಿ ಇಂತಹ ಸಂಗತಿಗಳು ಬಹಳ. ಅದೇ ವೋಲ್ಟೇರ್ ಪ್ರವಾದಿ ಮುಹಮ್ಮದ್(ಸ)ರ ಹೆಸರಿನಲ್ಲಿ ಒಂದು ನಾಟಕ ಬರೆದಿದ್ದ. ಪ್ರವಾದಿಯವರನ್ನು ವಂಚಕನಂತೆ ಚಿತ್ರಿಸುವ, ಚರಿತ್ರೆಗೆ ಸಂಬಂಧವೇ ಇಲ್ಲದ ಕೃತಿ ಅದು. 1742ರಲ್ಲಿ ಪ್ಯಾರಿಸಿನಲ್ಲಿ ಮೂರು ಪ್ರದರ್ಶನಗಳಾದ ಮೇಲೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮುಸ್ಲಿಮರು ಪ್ರತಿಭಟಿಸಿದ್ದರಿಂದಲ್ಲ; ಪ್ಯಾರಿಸಿನಲ್ಲಿ ಆಗ ಪ್ರತಿಭಟಿಸಲು ಮುಸ್ಲಿಮರಾದರೂ ಎಲ್ಲಿದ್ದರು? ನಾಟಕದ ಬಾಣ ನಿಜವಾಗಿ ತಮ್ಮತ್ತ ಬಂದಿದೆಯೆಂದು ಕೆಥೊಲಿಕ್ ಸಂಪ್ರದಾಯವಾದಿಗಳು ಅನುಮಾನಿಸಿದ್ದರು. ಚತುರನಾದ ವೋಲ್ಟೇರ್ ಅದೇ ನಾಟಕವನ್ನು ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರಿಗೆ ಕಳುಹಿಸಿ ತನ್ನನ್ನು ರಕ್ಷಿಸಿಕೊಂಡ. ಇತರರ ಧರ್ಮದ ಹೆಸರು ಹೇಳಿ ಮನೆಯ ಜಗಳ ಆಡುವ ಪದ್ಧತಿ ಅಲ್ಲಿ ಹಳೆಯದು.

ರಾಜರ ಕಾಲದ ಸೆನ್ಸಾರ್ ವ್ಯವಸ್ಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1546ರಲ್ಲಿ ಎತಿಯೆನ್ ದೊಲೆ ಎಂಬ ಮುದ್ರಕನನ್ನು ಪ್ಯಾರಿಸಿನ ಚೌಕದಲ್ಲಿ ಕೊಂದು, ಆತನ ಪುಸ್ತಕಗಳೊಂದಿಗೆ ಸುಟ್ಟರು. ಹದಿನೆಂಟನೆಯ ಶತಮಾನದ ಕೊನೆಗೆ ಅರಸನ ಸೇವೆಯಲ್ಲಿ ನೂರಕ್ಕೂ ಹೆಚ್ಚು ಸೆನ್ಸಾರ್ ಅಧಿಕಾರಿಗಳಿದ್ದರು. ನಿಷಿದ್ಧ ಪುಸ್ತಕಗಳು ಆಮ್‌ಸ್ಟರ್‌ಡ್ಯಾಮ್, ಜಿನೀವಾಗಳಲ್ಲಿ ಅಚ್ಚಾಗಿ ಕಳ್ಳದಾರಿಯಲ್ಲಿ ಬರುತ್ತಿದ್ದವು. ಪುಸ್ತಕ ವ್ಯಾಪಾರದ ಮೇಲ್ವಿಚಾರಕನಾಗಿದ್ದ ಮಾಲ್‌ಶೆರ್ಬ್ ಎಂಬಾತನಂತೂ ದಿದೆರೋನ ವಿಶ್ವಕೋಶದ ಹಸ್ತಪ್ರತಿಗಳನ್ನು ಜಪ್ತಿ ಮಾಡಬೇಕಾದವನು, ಅವುಗಳನ್ನು ತನ್ನ ಮನೆಯಲ್ಲೇ ಅಡಗಿಸಿಡಲು ಮುಂದಾದನೆಂದು ದಿದೆರೋನ ಮಗಳು ಬರೆದಿಟ್ಟಿದ್ದಾಳೆ. ಈ ಸಜ್ಜನನ ತಲೆಯನ್ನು 1794ರಲ್ಲಿ ಕ್ರಾಂತಿಕಾರಿಗಳು ತೆಗೆದರು.

1789ರ ಮಾನವ ಹಕ್ಕುಗಳ ಘೋಷಣೆಯ ಹನ್ನೊಂದನೆಯ ವಿಧಿ ಮಾತಾಡುವ, ಬರೆಯುವ, ಮುದ್ರಿಸುವ ಹಕ್ಕನ್ನು ಕೊಟ್ಟಿತು. ಅದು ಹೆಚ್ಚು ಕಾಲ ಬಾಳಲಿಲ್ಲ. ನೆಪೋಲಿಯನ್ 1810ರಲ್ಲಿ ಪ್ಯಾರಿಸಿನ ಮುದ್ರಕರ ಸಂಖ್ಯೆಯನ್ನೇ 60ಕ್ಕೆ ಇಳಿಸಿದ. 1857ರಲ್ಲಿ ಫ್ಲೋಬೇರನ ಕಾದಂಬರಿ, ಬೋದಿಲೇರನ ಕವಿತೆಗಳು ಎರಡೂ ಒಬ್ಬನೇ ಸರಕಾರಿ ವಕೀಲನ ಕೈಯಲ್ಲಿ ಕಟಕಟೆ ಹತ್ತಿದವು. ಫ್ಲೋಬೇರ್ ಪಾರಾದ. ಬೋದಿಲೇರನ ಆರು ಕವಿತೆಗಳ ಮೇಲಿನ ತೀರ್ಪು ರದ್ದಾಗಲು 1949ರ ತನಕ ಕಾಯಬೇಕಾಯಿತು. ಕೊನೆಗೆ ಮೂರನೆಯ ಗಣರಾಜ್ಯವು 1881ರ ಜುಲೈ 29ರಂದು ಪತ್ರಿಕಾ ಕಾನೂನನ್ನು ಜಾರಿಗೆ ತಂದಿತು. ಮುದ್ರಣ ಮತ್ತು ಪುಸ್ತಕ ಮಾರಾಟಗಳು ಮುಕ್ತವೆಂದು ಅದರ ಮೊದಲ ವಿಧಿಯೇ ಸಾರುತ್ತದೆ. ಮುಂಗಡ ಅನುಮತಿ ಬೇಕಿಲ್ಲ. ತಪ್ಪಾಗಿದ್ದರೆ ನಂತರ ನ್ಯಾಯಾಲಯವೇ ತೀರ್ಮಾನಿಸಬೇಕು. ಫ್ರೆಂಚರು ಈ ಕಾನೂನಿನ ಬಗ್ಗೆ ಹೆಮ್ಮೆಪಡುತ್ತಾರೆ. ಹೆಮ್ಮೆಪಡಬೇಕಾದ ಕಾನೂನೇ ಅದು.

ಆದರೆ ಅದು ಯಾರಿಗೆ ಅನ್ವಯಿಸುತ್ತಿತ್ತು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಪ್ಯಾರಿಸನ್ನು ಬಿಟ್ಟು ಅಲ್ಜೀರಿಯಾಕ್ಕೆ ಹೋಗಬೇಕು. 1830ರಿಂದ ಫ್ರೆಂಚರ ವಶದಲ್ಲಿದ್ದ ಆ ನಾಡನ್ನು ಅವರು ವಸಾಹತು ಎಂದು ಕೂಡ ಕರೆಯುತ್ತಿರಲಿಲ್ಲ, ಅದು ಫ್ರಾನ್ಸಿನದೇ ಭಾಗ ಎನ್ನುತ್ತಿದ್ದರು. 1881ರ ಕಾನೂನು ತನ್ನ ಕೊನೆಯ ವಿಧಿಗಳಲ್ಲಿ ಅಲ್ಜೀರಿಯಾವನ್ನೂ ಸೇರಿಸಿಕೊಂಡಿತ್ತು. ಆದರೆ ವಿದೇಶಿ ಭಾಷೆಯ ಪತ್ರಿಕೆಗಳನ್ನು ನ್ಯಾಯಾಲಯದ ಗೊಡವೆಯಿಲ್ಲದೆ ಸರಕಾರವೇ ನಿಷೇಧಿಸಬಹುದೆಂಬ ಕಿಂಡಿಯೊಂದು ಕಾನೂನಿನಲ್ಲಿತ್ತು. ಸಾವಿರ ವರ್ಷಗಳಿಂದ ಆ ನೆಲದಲ್ಲಿ ಆಡುತ್ತಿದ್ದ, ಮಕ್ಕಳು ಕುರ್‌ಆನ್ ಕಲಿಯುತ್ತಿದ್ದ ಅರಬಿ ಭಾಷೆಯನ್ನು ಅಧಿಕಾರಿಗಳು ವಿದೇಶಿ ಭಾಷೆಯ ಲೆಕ್ಕಕ್ಕೆ ಸೇರಿಸಿದರು. ಬಂದವರು ಸ್ವದೇಶಿಗಳು, ಇದ್ದವರ ನಾಲಗೆ ವಿದೇಶಿ!

ಕಾನ್‌ಸ್ಟಂಟೈನ್ ನಗರದ ವಿದ್ವಾಂಸ ಅಬ್ದುಲ್ ಹಮೀದ್ ಬಿನ್ ಬಾದೀಸರು ಇದರ ಬಿಸಿಯನ್ನು ನೇರವಾಗಿ ಅನುಭವಿಸಿದರು. 1925ರಲ್ಲಿ ಅವರು 'ಅಲ್ ಮುಂತಕಿದ್' ಪತ್ರಿಕೆ ಹೊರಡಿಸಿದರು. ಹದಿನೆಂಟು ಸಂಚಿಕೆಗಳಲ್ಲಿ ಅದು ನಿಂತಿತು. ಅದೇ ವರ್ಷ 'ಅಶ್ಶಿಹಾಬ್' ಆರಂಭಿಸಿದರು. 1931ರಲ್ಲಿ ರೂಪುಗೊಂಡ ಅಲ್ಜೀರಿಯನ್ ಮುಸ್ಲಿಮ್ ಉಲಮಾ ಸಂಘಟನೆಯು 1933ರಲ್ಲಿ 'ಅಸ್ಸುನ್ನ' ಪತ್ರಿಕೆ ತಂದಿತು, ನಿಷೇಧವಾಯಿತು. 'ಅಶ್ಶರೀಅ' ತಂದಿತು, ನಿಷೇಧವಾಯಿತು. 'ಅಸ್ಸಿರಾತ್' ತಂದಿತು, ಅದೂ ನಿಷೇಧವಾಯಿತು. ಒಂದೇ ವರ್ಷದಲ್ಲಿ ಆರಂಭವಾದ ಮೂರು ಪತ್ರಿಕೆಗಳು! 1935ರಲ್ಲಿ 'ಅಲ್ ಬಸಾಇರ್' ಹೊರಟಿತು. ಪತ್ರಿಕೆ ನಡೆಸುವುದರ ಕಷ್ಟ ಬಲ್ಲವರಿಗೆ ಈ ಹಟದ ಬೆಲೆ ತಿಳಿದೀತು.

ಫ್ರೆಂಚರಿಗೂ ಆ ಬಿಸಿ ತಾಗುವ ಕಾಲ ಬಂತು. 1940ರಲ್ಲಿ ಜರ್ಮನರು ಪ್ಯಾರಿಸನ್ನು ಹಿಡಿದಾಗ, ಯಹೂದಿಗಳ ಮತ್ತು ನಾಝಿ ವಿರೋಧಿಗಳ ಸಾವಿರಕ್ಕೂ ಹೆಚ್ಚು ಕೃತಿಗಳ ಪಟ್ಟಿಯೊಂದು ಸಿದ್ಧವಾಯಿತು. ಜರ್ಮನ್ ರಾಯಭಾರಿಯ ಹೆಸರಿನಿಂದ ಅದನ್ನು 'ಒಟ್ಟೊ ಪಟ್ಟಿ' ಎನ್ನುತ್ತಾರೆ. ಪ್ರಕಾಶಕರ ಸಂಘವೇ ಅದಕ್ಕೆ ಸಹಕರಿಸಿ, ಪುಸ್ತಕಗಳನ್ನು ಮಳಿಗೆಗಳಿಂದ ಹಿಂತೆಗೆಯಿತು. ಇದಕ್ಕೆ ಒಪ್ಪದ ಕೆಲವರು ಗುಪ್ತವಾಗಿ 'ಮಿನುಯಿ', ಅಂದರೆ ನಡುರಾತ್ರಿ, ಎಂಬ ಪ್ರಕಾಶನ ಕಟ್ಟಿದರು. 1942ರಲ್ಲಿ ಅದರ ಮೊದಲ ಪುಸ್ತಕ ಕತ್ತಲಲ್ಲೇ ಅಚ್ಚಾಯಿತು. ಯುದ್ಧ ಮುಗಿದ ಮೇಲೆ ಅದೇ ಪ್ರಕಾಶನವು ಸ್ವತಂತ್ರ ಫ್ರಾನ್ಸಿನ ಪೊಲೀಸರ ಕೈಯಲ್ಲಿ ಮತ್ತೆ ಮತ್ತೆ ಜಪ್ತಿಗೆ ಒಳಗಾದದ್ದು ನಾವು ಗಮನಿಸಬೇಕಾದ ವಿಷಯ.

ಆನ್ರಿ ಅಲೆಗ್ 'ಅಲ್ಜೇ ರಿಪಬ್ಲಿಕೆಂ' ಪತ್ರಿಕೆಯ ಸಂಪಾದಕ, ಯಹೂದಿ ಕುಟುಂಬದಲ್ಲಿ ಹುಟ್ಟಿದ ಕಮ್ಯುನಿಸ್ಟ್. ಅಲ್ಜೀರಿಯನ್ನರ ಪರ ನಿಂತ ಅವರ ಪತ್ರಿಕೆಯನ್ನು 1955ರಲ್ಲಿ ಮುಚ್ಚಲಾಯಿತು. 1957ರ ಜೂನ್ 12ರಂದು ಗೆಳೆಯ ಮೊರೀಸ್ ಓದಾಂರ ಮನೆಗೆ ಹೋದಾಗ, ಅಲ್ಲಿ ಕಾದಿದ್ದ ಸೈನಿಕರು ಅವರನ್ನು ಹಿಡಿದರು. ಗಣಿತದ ಉಪನ್ಯಾಸಕರಾದ ಇಪ್ಪತ್ತೈದರ ಓದಾಂರನ್ನು ಹಿಂದಿನ ದಿನವೇ ಒಯ್ಯಲಾಗಿತ್ತು. ಎಲ್ ಬಿಯಾರ್ ಎಂಬಲ್ಲಿನ ಕಟ್ಟಡದಲ್ಲಿ ಪ್ಯಾರಾಟ್ರೂಪ್ ಸೈನಿಕರು ಅಲೆಗ್‌ರಿಗೆ ವಿದ್ಯುತ್ ಶಾಕ್ ಕೊಟ್ಟರು, ನೀರಲ್ಲಿ ಉಸಿರುಗಟ್ಟಿಸಿದರು, ಸುಟ್ಟರು. ಅವರು ಬಾಯಿ ಬಿಡಲಿಲ್ಲ. ಆಮೇಲೆ ಸೆರೆಮನೆಯಲ್ಲಿ ಕುಳಿತು ಇದನ್ನೆಲ್ಲ ಬರೆದರು. ಹಾಳೆಗಳು ವಕೀಲರ ಮೂಲಕ ಒಂದೊಂದಾಗಿ ಹೊರಬಂದವು.

'ಲಾ ಕೆಸ್ತಿಯೋಂ' ಎಂಬ ಆ ತೆಳ್ಳನೆಯ ಪುಸ್ತಕವನ್ನು ಮಿನುಯಿಯ ಜೆರೋಮ್ ಲಿಂದೋ 1958ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಶೀರ್ಷಿಕೆಯ ಶಬ್ದಕ್ಕೆ ಫ್ರೆಂಚಿನಲ್ಲಿ 'ಪ್ರಶ್ನೆ' ಎಂದೂ ಅರ್ಥ, ಹಳೆಯ ನ್ಯಾಯಾಲಯದ ಭಾಷೆಯಲ್ಲಿ 'ಚಿತ್ರಹಿಂಸೆ' ಎಂದೂ ಅರ್ಥ. ಕೆಲವೇ ವಾರಗಳಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಸರಕಾರ ಮೊದಲು ಪುಸ್ತಕವನ್ನು ಮುಟ್ಟದೆ, ಅದರ ಬಗ್ಗೆ ಬರೆದ ಪತ್ರಿಕೆಗಳನ್ನು ಜಪ್ತಿ ಮಾಡಿತು. ಸಾರ್ತ್ರರ ಲೇಖನವಿದ್ದ 'ಎಕ್ಸ್‌ಪ್ರೆಸ್' ವಾರಪತ್ರಿಕೆಯ ಸಂಚಿಕೆ ಹೀಗೆ ಹೋಯಿತು. ಮಾರ್ಚ್ 27ರಂದು ಪುಸ್ತಕವನ್ನೇ ಜಪ್ತಿ ಮಾಡಲಾಯಿತು. ಇಂತಹ ಜಪ್ತಿಗೆ 1881ರ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಅದಕ್ಕಾಗಿ ಸೈನ್ಯದ ಮನೋಬಲ ಕುಗ್ಗಿಸುವುದು, ದೇಶದ ಭದ್ರತೆಗೆ ಧಕ್ಕೆ ಎಂಬಂತಹ ಬೇರೆ ಕಲಮುಗಳನ್ನು ಹುಡುಕಲಾಯಿತು. ಪುಸ್ತಕದಲ್ಲಿರುವುದು ಸುಳ್ಳು ಎಂದು ಸಾಬೀತುಪಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಸುಳ್ಳಾಗಿರಲಿಲ್ಲವಲ್ಲ! ಮಾಲ್ರೋ, ಮೋರಿಯಾಕ್, ಮಾರ್ತೆಂ ದ್ಯು ಗಾರ್, ಸಾರ್ತ್ರ ಒಟ್ಟಾಗಿ ರಾಷ್ಟ್ರಾಧ್ಯಕ್ಷರಿಗೆ ಮನವಿ ಬರೆದರು. ಒಂದೇ ಪಂಕ್ತಿಯಲ್ಲಿ ಕೂರದ ನಾಲ್ವರು ಇವರು. ಕೆಲವೇ ದಿನಗಳಲ್ಲಿ ಪುಸ್ತಕ ಸ್ವಿಝರ್‌ಲ್ಯಾಂಡಿನಲ್ಲಿ ಮತ್ತೆ ಅಚ್ಚಾಗಿ ಗಡಿ ದಾಟಿ ಬಂತು. ವೋಲ್ಟೇರನ ಕಾಲದ ಅದೇ ಕಳ್ಳದಾರಿ.

ಲಿಂದೋ ಒಂಟಿಯಾಗಿರಲಿಲ್ಲ. 1959ರಲ್ಲಿ ಪ್ರಕಾಶನ ಆರಂಭಿಸಿದ ಫ್ರಾನ್ಸ್ವಾ ಮಾಸ್ಪೆರೋ ಎಂಬ ಯುವಕ ಫ್ರಾಂಟ್ಝ್ ಫ್ಯಾನನ್‌ರ ಪುಸ್ತಕಗಳನ್ನು ತಂದರು, ಜಪ್ತಿಯಾದವು. ಅವರ ಪುಸ್ತಕದಂಗಡಿಗೆ ವಸಾಹತುವಾದಿ ಉಗ್ರರು ಬಾಂಬಿಟ್ಟರು. 1961ರ ಅಕ್ಟೋಬರ್ 17ರ ರಾತ್ರಿ ಪ್ಯಾರಿಸಿನಲ್ಲಿ, ತಮ್ಮ ಮೇಲಷ್ಟೇ ಹೇರಿದ್ದ ಕರ್ಫ್ಯೂ ವಿರುದ್ಧ ಅಲ್ಜೀರಿಯನ್ನರು ಶಾಂತಿಯುತ ಮೆರವಣಿಗೆ ಹೊರಟರು. ಪೊಲೀಸರು ಅವರನ್ನು ಹೊಡೆದರು, ಕೊಂದರು, ಸೇನ್ ನದಿಗೆ ಎಸೆದರು. ಸರಕಾರ ಮೊದಲು ಹೇಳಿದ್ದು ಬೆರಳೆಣಿಕೆಯ ಸಾವು. ಇತಿಹಾಸಕಾರರ ಲೆಕ್ಕ ಅದಕ್ಕಿಂತ ಎಷ್ಟೋ ಹೆಚ್ಚು, ನೂರನ್ನು ದಾಟಿತೆನ್ನುವವರೂ ಇದ್ದಾರೆ. ಪೊಲೆಟ್ ಪೆಜು ಎಂಬ ಪತ್ರಕರ್ತೆ ಕೂಡಲೇ ಸಾಕ್ಷ್ಯ ಸಂಗ್ರಹಿಸಿ ಬರೆದ ಪುಸ್ತಕವನ್ನು ಮಾಸ್ಪೆರೋ ಅಚ್ಚು ಹಾಕಿಸಿದರು. ಅದೂ ಜಪ್ತಿಯಾಯಿತು. ಅದು ಮತ್ತೆ ಅಂಗಡಿಗೆ ಬಂದದ್ದು 2000ದಲ್ಲಿ. ನಡುವಿನ ಸುಮಾರು ನಲ್ವತ್ತು ವರ್ಷ ಹೆಚ್ಚಿನ ಫ್ರೆಂಚರಿಗೆ ಆ ರಾತ್ರಿಯ ನೆನಪೇ ಇರಲಿಲ್ಲ. ಪುಸ್ತಕದ ಜಪ್ತಿ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಆ ರಾತ್ರಿ ಪೊಲೀಸ್ ಮುಖ್ಯಸ್ಥನಾಗಿದ್ದ ಮೊರೀಸ್ ಪಾಪೋಂ, ಹತ್ಯಾಕಾಂಡ ಎಂಬ ಶಬ್ದ ಬಳಸಿದ್ದಕ್ಕೆ ಇತಿಹಾಸಕಾರ ಜಾಂ-ಲುಕ್ ಎನೋದಿಯವರ ಮೇಲೆ ಮಾನನಷ್ಟ ಮೊಕದ್ದಮೆ ಹಾಕಿದ್ದ. 1999ರಲ್ಲಿ ಸೋತ. ಅದೂ 1881ರ ಕಾನೂನಿನಡಿಯ ಮೊಕದ್ದಮೆಯೇ. ಆ ಕಾನೂನು ಕೆಲಸ ಮಾಡಿದ್ದನ್ನೂ ಹೇಳಬೇಕಲ್ಲ.

ಯುದ್ಧ ಮುಗಿದರೂ 'ವಿದೇಶಿ' ಎಂಬ ಕಿಂಡಿ ಮುಚ್ಚಲಿಲ್ಲ. ವಿದೇಶಿ ಮೂಲದ ಯಾವುದೇ ಬರಹವನ್ನು ಗೃಹಮಂತ್ರಿ ನಿಷೇಧಿಸಬಹುದೆಂಬ ಆದೇಶವೊಂದನ್ನು 1939ರ ಮೇ 6ರಂದು ಮಹಾಯುದ್ಧದ ಹೊಸ್ತಿಲಲ್ಲಿ ಹೊರಡಿಸಲಾಗಿತ್ತು. ಅದನ್ನು 1972ರಲ್ಲಿ ಕ್ಯಾಮರೂನ್ ಮೂಲದ ಲೇಖಕ ಮೊಂಗೊ ಬೆಟಿಯವರ ಪುಸ್ತಕದ ಮೇಲೆ ಪ್ರಯೋಗಿಸಿದರು. 1994ರಲ್ಲಿ ಅಹ್ಮದ್ ದೀದಾತರ ಪುಸ್ತಕಗಳ ಸರದಿ ಬಂತು. 1995ರಲ್ಲಿ ಯೂಸುಫುಲ್ ಕರ್ಝಾವಿಯವರ, ಇಸ್ಲಾಮಿನಲ್ಲಿ ಹಲಾಲ್ ಮತ್ತು ಹರಾಮ್ ಕುರಿತ ಕೃತಿಯ ಮೇಲೆ ನಿಷೇಧ ಬಿತ್ತು. ಜಗತ್ತಿನ ಎಷ್ಟೋ ಮುಸ್ಲಿಮ್ ಮನೆಗಳ ಕಪಾಟಿನಲ್ಲಿರುವ ಪುಸ್ತಕವದು! ಪ್ರತಿಭಟನೆ ಎದ್ದು ಕೆಲವೇ ವಾರಗಳಲ್ಲಿ ಆದೇಶವನ್ನು ಹಿಂತೆಗೆದರು. ಕೊನೆಗೆ ಬಾಸ್ಕ್ ಜನರ ಕುರಿತ ಒಂದು ಪುಸ್ತಕದ ಪ್ರಕರಣದಲ್ಲಿ, 2001ರಲ್ಲಿ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಫ್ರಾನ್ಸ್ ತಪ್ಪಿತಸ್ಥ ಎಂದಿತು. 1939ರ ಆದೇಶ 2004ರಲ್ಲಿ ರದ್ದಾಯಿತು.

ಇನ್ನೊಂದು ಸಂಗತಿಯನ್ನು ಓದುಗರು ನಗುತ್ತಲೇ ಓದಬಹುದು. 1970ರ ನವೆಂಬರಿನಲ್ಲಿ ದ ಗಾಲ್ ತೀರಿಕೊಂಡಾಗ 'ಹಾರಾ ಕಿರಿ' ಎಂಬ ವ್ಯಂಗ್ಯ ವಾರಪತ್ರಿಕೆ ಆ ಸಾವನ್ನೇ ಲೇವಡಿ ಮಾಡಿತು. ಮಕ್ಕಳ ರಕ್ಷಣೆಗೆಂದು 1949ರಲ್ಲಿ ಮಾಡಿದ ಕಾನೂನನ್ನು ಬಳಸಿ ಸರಕಾರ ಅದನ್ನು ಹೊಡೆದುಹಾಕಿತು. ಒಂದು ವಾರದೊಳಗೆ ಅದೇ ತಂಡ ಬೇರೆ ಹೆಸರಿನಲ್ಲಿ ಬಂತು. ಆ ಹೆಸರು 'ಷಾರ್ಲಿ ಎಬ್ಡೊ'.

ಅದೇ ಪತ್ರಿಕೆ 2006ರಲ್ಲಿ ಪ್ರವಾದಿಯವರ(ಸ) ವ್ಯಂಗ್ಯಚಿತ್ರಗಳನ್ನು ಮುದ್ರಿಸಿದಾಗ ನಮ್ಮ ಮನಸ್ಸು ನೊಂದಿತು. ಆ ನೋವಿಗೆ ವಿವರಣೆ ಬೇಕಿಲ್ಲ. ಪ್ಯಾರಿಸಿನ ದೊಡ್ಡ ಮಸೀದಿ ಮತ್ತಿತರ ಸಂಘಟನೆಗಳು ಕಾನೂನಿನ ದಾರಿ ಹಿಡಿದು ನ್ಯಾಯಾಲಯಕ್ಕೆ ಹೋದವು, 2007ರಲ್ಲಿ ಸೋತವು. ನನ್ನ ಪ್ರಕಾರ ಅವರು ಸೋತರೂ ಸರಿಯಾದ ದಾರಿಯಲ್ಲಿದ್ದರು. 2015ರ ಜನವರಿ 7ರಂದು ಬಂದೂಕು ಹಿಡಿದು ಆ ಕಚೇರಿಗೆ ನುಗ್ಗಿದವರು ಯಾರ ಗೌರವವನ್ನೂ ಉಳಿಸಲಿಲ್ಲ. ಕೊಲೆಯಾದ ಹನ್ನೆರಡು ಮಂದಿಯಲ್ಲಿ ಪತ್ರಿಕೆಯ ಕರಡು ತಿದ್ದುತ್ತಿದ್ದ, ಅಲ್ಜೀರಿಯಾದಲ್ಲಿ ಹುಟ್ಟಿದ ಮುಸ್ತಫಾ ಊರಾದ್ ಇದ್ದರು. ರಸ್ತೆಯಲ್ಲಿ ಬಿದ್ದ ಪೊಲೀಸ್ ಅಹ್ಮದ್ ಮೆರಾಬೆತ್ ಇದ್ದರು. ಆ ಬಳಿಕ ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಲಕ್ಷಾಂತರ ಜನ ಬೀದಿಗಿಳಿದ ಅದೇ ತಿಂಗಳಲ್ಲಿ, ನೀಸ್ ನಗರದ ಎಂಟು ವರ್ಷದ ಹುಡುಗನೊಬ್ಬನನ್ನು ಶಾಲೆಯಲ್ಲಿ ಆಡಿದ ಮಾತಿಗಾಗಿ ಪೊಲೀಸ್ ಠಾಣೆಗೆ ಕರೆಸಿ ವಿಚಾರಿಸಲಾಯಿತು. ಭಯೋತ್ಪಾದನೆಯನ್ನು ಹೊಗಳುವ ಅಪರಾಧವನ್ನು 2014ರ ನವೆಂಬರಿನಲ್ಲೇ 1881ರ ಕಾನೂನಿನಿಂದ ಕಿತ್ತು ಸಾಮಾನ್ಯ ದಂಡಸಂಹಿತೆಗೆ ಸೇರಿಸಿದ್ದರು. ಮಾತಿಗೆ ಇದ್ದ ಹಳೆಯ ರಕ್ಷಣೆಗಳಲ್ಲಿ ಹೆಚ್ಚಿನವು ಅದರೊಂದಿಗೆ ಹೋದವು.

ಯಾವುದೋ ಪುಸ್ತಕದಿಂದ ನೋವಾದಾಗ ನಿಷೇಧಿಸಿ ಎಂದು ಸರಕಾರದ ಬಾಗಿಲು ಬಡಿಯುವವರು ನಮ್ಮಲ್ಲೂ ಇದ್ದಾರೆ. ಅವರೊಮ್ಮೆ ಬಿನ್ ಬಾದೀಸರ ಪತ್ರಿಕೆಗಳ ಪಟ್ಟಿಯನ್ನು ನೋಡಬೇಕು. ಫ್ರೆಂಚರ ಇಬ್ಬಗೆಯನ್ನು ಟೀಕಿಸುವ ಹಕ್ಕು ನಮಗಿದೆ. ಆದರೆ ಆ ಇಬ್ಬಗೆಯನ್ನು ಮೊದಲು ಬಯಲಿಗೆಳೆದವರು ಲಿಂದೋ, ಮಾಸ್ಪೆರೋ, ಪೆಜು ಅವರಂತಹ ಫ್ರೆಂಚರೇ.

ಮೊರೀಸ್ ಓದಾಂ ಮನೆಗೆ ಮರಳಲಿಲ್ಲ. ಸಾಗಿಸುವಾಗ ಜೀಪಿನಿಂದ ಹಾರಿ ತಪ್ಪಿಸಿಕೊಂಡನೆಂದು ಸೈನ್ಯ ಹೇಳಿತು. ಇತಿಹಾಸಕಾರ ಪಿಯೇರ್ ವಿದಾಲ್-ನಾಕೆ 1958ರಲ್ಲೇ ಮಿನುಯಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕತೆ ಸುಳ್ಳೆಂದು ಒಂದೊಂದೇ ಎಳೆ ಬಿಡಿಸಿ ತೋರಿಸಿದರು. 2018ರ ಸೆಪ್ಟೆಂಬರ್ 13ರಂದು ಅಧ್ಯಕ್ಷ ಮಾಕ್ರೋಂ ಪ್ಯಾರಿಸ್ ಬಳಿಯ ಬಾನ್ಯೊಲೆಯಲ್ಲಿರುವ ಜೋಸೆಟ್ ಓದಾಂರ ಮನೆಗೆ ಹೋಗಿ, ಅವರ ಪತಿ ಸೈನ್ಯದ ಕೈಯಲ್ಲಿ ಸತ್ತರೆಂದು ಬರಹದಲ್ಲಿ ಒಪ್ಪಿಕೊಂಡರು. ಆಗ ಆಕೆಗೆ 87 ವರ್ಷ. ಮುಂದಿನ ಫೆಬ್ರವರಿಯಲ್ಲಿ ಆಕೆ ತೀರಿಕೊಂಡರು. ಪತಿಯ ಶವ ಎಲ್ಲಿದೆಯೆಂದು ಆಕೆಗೆ ಕೊನೆಗೂ ಯಾರೂ ಹೇಳಲಿಲ್ಲ.