ಗದ್ದಲದಿಂದ ಗಾನವನ್ನು ಆಯ್ದ ಯಂತ್ರ

ಬಾನುಲಿಯ ಚರಿತ್ರೆಯೆಂದೊಡನೆ ಮಾರ್ಕೋನಿಯ ಹೆಸರನ್ನೂ ನಮ್ಮ ದೇಶದ ಜಗದೀಶಚಂದ್ರ ಬೋಸರ ಹೆಸರನ್ನೂ ನೆನೆಯುವುದು ನಮ್ಮ ಪಾಠಗಳಲ್ಲಿ ರೂಢಿಯಾಗಿದೆ. ತಂತಿಯ ನೆರವಿಲ್ಲದೆ ಅಲೆಗಳನ್ನು ಕಳುಹಿಸಬಹುದೆಂಬುದನ್ನು ಆ ಮಹನೀಯರು ತೋರಿಸಿಕೊಟ್ಟರು. ಆದರೆ ಹಾಗೆ ಬಂದ ಅಲೆಯೊಳಗಿನ ಗರಗರ ಸದ್ದನ್ನು ನೀಗಿ, ಹಾಡುವವರ ಉಸಿರನ್ನು ಕೂಡ ಕೇಳುವಂತೆ ಮಾಡಿದ ಬಗೆಯನ್ನು ತಿಳಿದವರು ವಿರಳ. ಆ ಚರಿತ್ರೆಯು ಟ್ಯೂನರ್ ಎಂಬ ಒಂದು ಹಳೆಯ ಯಂತ್ರದ ಮುಖದ ಮೇಲೆಯೇ ಬರೆದಿಟ್ಟಂತಿದೆ.

ಟ್ಯೂನರ್ ಎಂದರೇನು? ನಮ್ಮ ಮನೆಗಳ ರೇಡಿಯೋ ಪೆಟ್ಟಿಗೆಯಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಬೇಕಾದ ನಿಲಯವನ್ನು ಆಯುವುದು, ಅದರ ದನಿಯನ್ನು ಬಲಪಡಿಸುವುದು, ಕಿವಿಗೆ ಕೇಳುವಂತೆ ನುಡಿಸುವುದು. ಇವುಗಳಲ್ಲಿ ಮೊದಲನೆಯ ಕೆಲಸವೊಂದನ್ನೇ ಮಾಡುವ ಯಂತ್ರವು ಟ್ಯೂನರ್. ಇದು ಧಾನ್ಯವನ್ನು ಕೇರುವ ಮೊರವಿದ್ದಂತೆ. ಅಡುಗೆಯ ಹೊಣೆ ಬೇರೆಯವರದು. 1950ರ ದಶಕದಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳ ಸಂಗೀತಪ್ರಿಯರು ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆಯನ್ನಿಟ್ಟುಕೊಳ್ಳತೊಡಗಿದರು. ಈ ಅಭಿರುಚಿಗೆ ಹೈ-ಫೈ, ಅಂದರೆ ಮೂಲದ ಸ್ವರಕ್ಕೆ ನಿಷ್ಠೆ, ಎಂದು ಹೆಸರಾಯಿತು. ಅಂತಹ ಯಂತ್ರಗಳಲ್ಲಿ ಅಮೆರಿಕದ ಮರಾಂಟ್ಜ್ ಕಂಪನಿಯವರು 1960ರ ದಶಕದಲ್ಲಿ ಹೊರತಂದ ‘10ಬಿ’ ಎಂಬ ವಾಲ್ವಿನ ಟ್ಯೂನರ್ ಬಹು ಪ್ರಸಿದ್ಧವಾದುದು. ಅದರ ಒಂದೊಂದು ಅಂಗಕ್ಕೂ ಒಂದೊಂದು ಕಾಲದ ಕಥೆಯುಂಟು.

ಮೊದಲನೆಯದು, ನಿಲಯವನ್ನು ಆಯುವ ತಿರುಗಣೆ. ಆಕಾಶದಲ್ಲಿ ಏಕಕಾಲಕ್ಕೆ ಹಲವು ನಿಲಯಗಳ ಅಲೆಗಳು ಸಂಚರಿಸುತ್ತವೆ. ಒಂದೊಂದಕ್ಕೂ ತಕ್ಕಂತೆ ಯಂತ್ರದ ಎಲ್ಲ ಭಾಗಗಳನ್ನೂ ಮತ್ತೆ ಮತ್ತೆ ಹೊಂದಿಸುವುದು ಕಷ್ಟ. ಅಮೆರಿಕದ ಸೈನ್ಯದಲ್ಲಿದ್ದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬಾತನು ಮೊದಲ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ, ಪ್ಯಾರಿಸಿನಲ್ಲಿದ್ದಾಗ, ಇದಕ್ಕೊಂದು ಉಪಾಯವನ್ನು ಕಂಡನು. ಬಂದ ಅಲೆಯೊಡನೆ ಯಂತ್ರದೊಳಗೆ ಹುಟ್ಟಿಸಿದ ಇನ್ನೊಂದು ಅಲೆಯನ್ನು ಬೆರೆಸಿದರೆ, ಯಾವ ನಿಲಯವಾದರೂ ಒಂದೇ ಗೊತ್ತಾದ ಕಂಪನಕ್ಕೆ ಇಳಿಯುತ್ತದೆ. ಆ ಮೇಲೆ ಶೋಧಿಸುವುದೂ ಬಲಪಡಿಸುವುದೂ ಸುಲಭ. ಎಫ್.ಎಂ. ಟ್ಯೂನರುಗಳಲ್ಲಿ ಈ ಗೊತ್ತಾದ ಕಂಪನವು ಸಾಮಾನ್ಯವಾಗಿ 10.7 ಮೆಗಾಹರ್ಟ್ಸ್.

ಎರಡನೆಯದು, ಸದ್ದನ್ನು ಕತ್ತರಿಸುವ ಭಾಗ. ಹಳೆಯ ಎ.ಎಂ. ಪದ್ಧತಿಯಲ್ಲಿ ದನಿಗೆ ತಕ್ಕಂತೆ ಅಲೆಯ ಎತ್ತರವು ಹೆಚ್ಚು ಕಡಿಮೆಯಾಗುತ್ತದೆ. ಮಿಂಚೂ ಯಂತ್ರಗಳ ಕಿಡಿಯೂ ಅಲೆಯ ಎತ್ತರವನ್ನೇ ಕೆಡಿಸುವುದರಿಂದ, ಗಾನ ಯಾವುದು, ಗದ್ದಲ ಯಾವುದು ಎಂಬುದು ರೇಡಿಯೋಗೆ ತಿಳಿಯದು. ಅಲೆಯ ಎತ್ತರವನ್ನು ಹಾಗೆಯೇ ಬಿಟ್ಟು, ಅದರ ಕಂಪನದ ವೇಗವನ್ನು ಬದಲಿಸಿದರೆ ಹೇಗೆ? ಇದೇ ಎಫ್.ಎಂ. ಪದ್ಧತಿ. ಇದರಿಂದ ಪ್ರಯೋಜನವಿಲ್ಲವೆಂಬ ಅಭಿಪ್ರಾಯವು 1920ರ ದಶಕದ ಪಂಡಿತರಲ್ಲಿ ಬೇರೂರಿತ್ತು. ಅವರು ಅಲೆಗೆ ಇಕ್ಕಟ್ಟಾದ ದಾರಿಯನ್ನು ಕೊಟ್ಟು ಯೋಚಿಸಿದ್ದರು; ಆರ್ಮ್‌ಸ್ಟ್ರಾಂಗನು ಅಗಲವಾದ ದಾರಿಯನ್ನು ಕೊಟ್ಟನು. 1933ರ ಡಿಸೆಂಬರ್ 26ರಂದು ಆತನಿಗೆ ಪೇಟೆಂಟುಗಳು ದೊರೆತವು. 1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ಇಂಜಿನಿಯರುಗಳ ಸಭೆಯೊಂದರಲ್ಲಿ ಆತನು ಈ ಪದ್ಧತಿಯನ್ನು ಪ್ರದರ್ಶಿಸಿದಾಗ, ನೀರು ಸುರಿಯುವ ಸದ್ದೂ ಕಾಗದ ಹರಿಯುವ ಸದ್ದೂ ಸಹಜವಾಗಿ ಕೇಳಿಬಂದವು. ಟ್ಯೂನರಿನೊಳಗೆ ಅಲೆಯ ಏರುತಗ್ಗುಗಳನ್ನು ಮೇಲಿಂದ ಸವರಿಹಾಕುವ ‘ಲಿಮಿಟರ್’ ಎಂಬ ಭಾಗವುಂಟು. ಅಲ್ಲಿ ಗದ್ದಲವು ಉಳಿಯುತ್ತದೆ, ಗಾನವು ಮುಂದೆ ಸಾಗುತ್ತದೆ.

ಮೂರನೆಯದು, ಗಾಜಿನ ಫಲಕದ ಮೇಲೆ 88ರಿಂದ 108ರವರೆಗೆ ಬರೆದ ಅಂಕಿಗಳು. ಇವು ನೋಡಲು ನಿರಪಾಯವಾದ ಅಂಕಿಗಳಾದರೂ ಇವುಗಳ ಹಿಂದೆ ಒಂದು ದುಃಖದ ಸಂಗತಿಯುಂಟು. ಅಮೆರಿಕದಲ್ಲಿ ಎಫ್.ಎಂ. ಪ್ರಸಾರಕ್ಕೆ ಮೊದಲು ದೊರೆತ ಜಾಗವು 42ರಿಂದ 50 ಮೆಗಾಹರ್ಟ್ಸ್. ಆ ಜಾಗವನ್ನು ನಂಬಿ ನಿಲಯಗಳು ಏರ್ಪಟ್ಟಿದ್ದವು. ಜನರು ಲಕ್ಷಗಟ್ಟಲೆ ರೇಡಿಯೋಗಳನ್ನು ಕೊಂಡಿದ್ದರು. 1945ರಲ್ಲಿ ಸರಕಾರದ ಆಯೋಗವು ಎಫ್.ಎಂ. ನಿಲಯಗಳನ್ನು ಅಲ್ಲಿಂದೆಬ್ಬಿಸಿ 88ರ ಮೇಲಕ್ಕೆ ಕಳುಹಿಸಿತು. ಕೊಂಡ ರೇಡಿಯೋಗಳು ಕೆಲಕಾಲದಲ್ಲಿಯೇ ಮೂಕವಾದವು. ಪೇಟೆಂಟುಗಳ ವಿಷಯದಲ್ಲಿ ಆರ್ಮ್‌ಸ್ಟ್ರಾಂಗನು 1948ರಲ್ಲಿ ಆರ್.ಸಿ.ಎ. ಕಂಪನಿಯ ಮೇಲೆ ಹೂಡಿದ ವ್ಯಾಜ್ಯವು ಆತನ ಹಣವನ್ನೂ ಆರೋಗ್ಯವನ್ನೂ ತಿಂದುಹಾಕಿತು. 1954ರ ಜನವರಿ 31ರಂದು ಆತನು ತಾನಾಗಿಯೇ ತನ್ನ ಬಾಳನ್ನು ಮುಗಿಸಿಕೊಂಡನು. ಆತನ ಪತ್ನಿ ಮೇರಿಯನ್ ವ್ಯಾಜ್ಯಗಳನ್ನು ಕೈಬಿಡಲಿಲ್ಲ. ಆರ್.ಸಿ.ಎ.ಯೊಡನೆ ಆ ವರ್ಷವೇ ರಾಜಿಯಾಯಿತು; ಮೊಟೊರೋಲಾ ಕಂಪನಿಯ ಮೇಲಿನ ಕೊನೆಯ ವ್ಯಾಜ್ಯವನ್ನು ಆಕೆ 1967ರಲ್ಲಿ ಗೆದ್ದು ಮುಗಿಸಿದಳು. ನ್ಯಾಯವು ದೊರೆತಾಗ ಅದನ್ನು ಪಡೆಯಬೇಕಾದವನು ಬದುಕಿರಲಿಲ್ಲ.

ನಾಲ್ಕನೆಯದು, ಸ್ಟೀರಿಯೋ. ಎರಡು ಕಿವಿಗಳಿಗೆ ಎರಡು ಬಗೆಯಾಗಿ ಕೇಳಿದಾಗಲೇ ಪಿಟೀಲು ಯಾವ ಕಡೆ, ಮೃದಂಗ ಯಾವ ಕಡೆ ಎಂಬುದು ತಿಳಿಯುತ್ತದೆ. ಒಂದೇ ನಿಲಯದಿಂದ ಎರಡು ದನಿಗಳನ್ನು ಕಳುಹಿಸಬೇಕು. ಆದರೆ ಹಳೆಯ ರೇಡಿಯೋ ಉಳ್ಳವರಿಗೂ ಹಾಡು ಪೂರ್ತಿಯಾಗಿ ಕೇಳಬೇಕು. ಇದಕ್ಕೆ ದೊರೆತ ಉತ್ತರವು ಪ್ರಾಥಮಿಕ ಶಾಲೆಯ ಲೆಕ್ಕದಷ್ಟು ಸರಳವಾದುದು. ಎಡದ ದನಿ 7, ಬಲದ ದನಿ 3 ಎಂದಿಟ್ಟುಕೊಳ್ಳೋಣ. ಮೊತ್ತ 10, ವ್ಯತ್ಯಾಸ 4. ನಿಲಯವು ಮೊತ್ತವನ್ನು ಎಂದಿನಂತೆ ಕಳುಹಿಸುತ್ತದೆ. ವ್ಯತ್ಯಾಸವನ್ನು 38 ಕಿಲೋಹರ್ಟ್ಸಿನ ಸುತ್ತ ಬಚ್ಚಿಟ್ಟು ಕಳುಹಿಸುತ್ತದೆ. ಹಳೆಯ ರೇಡಿಯೋ ಮೊತ್ತವನ್ನು ಮಾತ್ರ ಕೇಳಿ ತೃಪ್ತಿ ಹೊಂದುತ್ತದೆ. ಹೊಸ ಟ್ಯೂನರ್ ಎರಡನ್ನೂ ಕೂಡಿದರೆ 14, ಅಂದರೆ 7ರ ಇಮ್ಮಡಿ. ಕಳೆದರೆ 6, ಅಂದರೆ 3ರ ಇಮ್ಮಡಿ. ಎಡಬಲಗಳು ಮರಳಿ ದೊರೆತವು. ಬಚ್ಚಿಟ್ಟ ಜಾಗವನ್ನು ತೋರಿಸಲು 19 ಕಿಲೋಹರ್ಟ್ಸಿನ ಒಂದು ಸಣ್ಣ ಗುರುತಿನ ಸ್ವರವು ಜೊತೆಯಲ್ಲಿ ಬರುತ್ತದೆ. ಬಹುಪಾಲು ಟ್ಯೂನರುಗಳಲ್ಲಿ ಸ್ಟೀರಿಯೋ ದೀಪವನ್ನು ಬೆಳಗಿಸುವುದು ಈ ಸ್ವರವೇ. ಜೆನಿತ್ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಸೂಚಿಸಿದ ಈ ಪದ್ಧತಿಗೆ 1961ರ ಏಪ್ರಿಲಿನಲ್ಲಿ ಅನುಮತಿ ದೊರೆಯಿತು. ಜೂನ್ 1ರಂದು ಪ್ರಸಾರವು ಮೊದಲಾಯಿತು.

ಐದನೆಯದು, 10ಬಿ ಟ್ಯೂನರಿನ ವಿಶೇಷವಾದ ಕಣ್ಣು. ಕಟ್ಟಡಕ್ಕೋ ಗುಡ್ಡಕ್ಕೋ ತಗುಲಿದ ಅಲೆಯು ಪ್ರತಿಧ್ವನಿಯಂತೆ ತಡವಾಗಿ ಬಂದು, ನೇರವಾಗಿ ಬಂದ ಅಲೆಯೊಡನೆ ಬೆರೆತು ಸ್ವರವನ್ನು ಕೆಡಿಸುತ್ತದೆ. ಇದನ್ನು ಕಣ್ಣಾರೆ ಕಾಣಲೆಂದು ಆ ಯಂತ್ರದ ಮುಖದಲ್ಲಿ ಬೆಳಕಿನ ಗೆರೆಯನ್ನು ಮೂಡಿಸುವ ಒಂದು ಪುಟ್ಟ ಪರದೆಯನ್ನು ಅಳವಡಿಸಿದ್ದರು. ಗೆರೆಯು ಸುಕ್ಕುಗಟ್ಟಿದರೆ ದೋಷವುಂಟೆಂದು ಅರ್ಥ. ಆಂಟೆನಾವನ್ನು ತಿರುಗಿಸಿ ಸರಿಪಡಿಸಬೇಕು.

ಎಫ್.ಎಂ. ಪದ್ಧತಿಗೂ ಒಂದು ಮಿತಿಯುಂಟು. ಅದರ ಅಲೆಗಳು ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೆ ಸಾಗುತ್ತವೆ. ಬೆಟ್ಟ ಅಡ್ಡವಾದರೆ ಸೊರಗುತ್ತವೆ. ಮಧ್ಯಮ ತರಂಗದ ಅಲೆಗಳಾದರೋ ರಾತ್ರಿಯ ವೇಳೆ ಮೇಲಿನ ವಾಯುಮಂಡಲಕ್ಕೆ ತಗುಲಿ ನೂರಾರು ಮೈಲಿಗಳಾಚೆ ಇಳಿಯಬಲ್ಲವು. 1950ರಲ್ಲಿ ಆರಂಭವಾದ ಧಾರವಾಡ ನಿಲಯದ ಕನ್ನಡವು ಗಡಿಯಾಚೆಯ ನಮ್ಮವರ ಕಿವಿಗೆ ಬಿದ್ದುದು ಮಧ್ಯಮ ತರಂಗದ ಉಪಕಾರದಿಂದಲೇ. ನಮ್ಮ ದೇಶದಲ್ಲಿ ಎಫ್.ಎಂ. ಪ್ರಸಾರವು 1977ರಲ್ಲಿ ಮದರಾಸಿನಲ್ಲಿ ಮೊದಲಾಯಿತು. ನೈರ್ಮಲ್ಯವನ್ನು ಬಯಸಿದರೆ ದೂರವನ್ನು ಬಿಡಬೇಕು. ದೂರವನ್ನು ಬಯಸಿದರೆ ಗರಗರ ಸದ್ದನ್ನು ಸಹಿಸಬೇಕು. ನಾವು ಸಹಿಸಿದೆವು; ಏಕೆಂದರೆ ಆ ಸದ್ದಿನೊಳಗೆ ನಮ್ಮ ನುಡಿಯಿತ್ತು.

ಈ ಚರಿತ್ರೆಯಲ್ಲಿ 1945 ಮತ್ತು 1961 ಎಂಬ ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನಮಗೆ ತೋರುತ್ತದೆ. ಮೊದಲನೆಯ ಸಲ ಮೇರೆಯನ್ನು ಬದಲಿಸಿದವರು, ಹಳೆಯ ಜಾಗವನ್ನು ನಂಬಿದ್ದವರನ್ನು ಕೈಬಿಟ್ಟರು. ಎರಡನೆಯ ಸಲ ಹೊಸತನ್ನು ತಂದವರು, ಹಳೆಯ ಪೆಟ್ಟಿಗೆಯ ಮುಂದೆ ಕುಳಿತವನಿಗೂ ಹಾಡು ತಪ್ಪಬಾರದೆಂಬ ನಿಯಮವನ್ನು ಪಾಲಿಸಿದರು. 1953ರಲ್ಲಿಯೂ 1956ರಲ್ಲಿಯೂ ರಾಜ್ಯಗಳ ಮೇರೆಗಳನ್ನು ಗುರುತಿಸಿದಾಗ, ಇದ್ದಲ್ಲಿಯೇ ಇದ್ದು ಗೆರೆಯ ಆಚೆಯವರಾದ ನಮಗೆ ಈ ಎರಡರ ಅಂತರವು ಬೇಗನೆ ಅರ್ಥವಾಗುತ್ತದೆ. ಮಾರ್ಪಾಡು ಅನಿವಾರ್ಯವಾಗಿರಬಹುದು, ಆದರೆ ಹಿಂದಿನಿಂದ ಕೇಳುತ್ತಿದ್ದವರನ್ನು ಮರೆಯದ ಮಾರ್ಪಾಡೇ ಮೇಲಾದುದು. 7 ಮತ್ತು 3ರ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯುವ ಉಪಾಧ್ಯಾಯರು ಈ ಮಾತನ್ನೂ ಮಕ್ಕಳಿಗೆ ತಿಳಿಸಿದರೆ, ಗಣಿತದ ಪಾಠದಲ್ಲಿಯೇ ನೀತಿಯ ಪಾಠವೂ ಆದೀತು.