ಏಳು ಕೀಲಿಗೆ ಒಂದು ಹೊಸಪೇಟೆ

‘ನುಡಿ’ ತಂತ್ರಾಂಶದಲ್ಲಿ ‘ಹೊಸಪೇಟೆ’ ಎಂದು ಮೂಡಿಸಲು ಏಳು ಕೀಲಿ ಸಾಕು: ಎಚ್, ಓ, ಎಸ್, ಪಿ, ಶಿಫ್ಟ್ ಹಿಡಿದು ಇ, ಕ್ಯೂ, ಕೊನೆಗೆ ಬರೀ ಇ. ಕಂಪ್ಲಿಗೆ ಆರು, ಸಂಡೂರಿಗೂ ಆರು. ವ್ಯಂಜನದೊಳಗಿನ ಅಕಾರಕ್ಕೆ ಪ್ರತ್ಯೇಕ ಕೀಲಿ ಒತ್ತಬೇಕಿಲ್ಲ; ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಿದರಾಯಿತು. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂರುತ್ತದೆ.

ಈ ಜಾಣ ಲೆಕ್ಕ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು. ಕೆ.ಪಿ. ರಾವ್ ಎಂದರೆ ಕನ್ನಡ ಗಣಕಲೋಕಕ್ಕೆಲ್ಲ ಗೊತ್ತು. ತಾವು ರೂಪಿಸಿದ ವಿನ್ಯಾಸವನ್ನು ಅವರು ಕನ್ನಡಿಗರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯಲ್ಲಿ ಅಳವಡಿಸಿದ್ದು ಇದೇ ಧ್ವನ್ಯಾತ್ಮಕ ವಿನ್ಯಾಸವನ್ನು.

ಅದಕ್ಕೂ ಮುಂಚೆ ಕಚೇರಿಗಳಲ್ಲಿ ಕೇಳುತ್ತಿದ್ದುದು ಬೆರಳಚ್ಚು ಯಂತ್ರದ ಸದ್ದು. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯನ್ನು ಕೈಗೆ ಹತ್ತಿಸಿಕೊಳ್ಳಲು ತಿಂಗಳುಗಟ್ಟಲೆ ತರಬೇತಿ ಬೇಕಿತ್ತು. ಪ್ರತಿಗಳಿಗೆ ಕಾರ್ಬನ್ ಹಾಳೆ. ಕೊನೆಯ ಸಾಲಿನಲ್ಲಿ ಹೆಸರು ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಹೊಡೆಯಬೇಕಾಗುತ್ತಿತ್ತು.

ತಾಲ್ಲೂಕು ಕಚೇರಿಗಳ ಮಟ್ಟಿಗೆ ದೊಡ್ಡ ತಿರುವು ತಂದಿದ್ದು ‘ಭೂಮಿ’ ಯೋಜನೆ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಪಹಣಿಗಳು 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಸೇರಿದವು. ರಾಜ್ಯದ ಸುಮಾರು 67 ಲಕ್ಷ ಜಮೀನುದಾರರ ಎರಡು ಕೋಟಿ ದಾಖಲೆಗಳವು. ಲೆಕ್ಕಿಗರು ಸಿಗುವ ತನಕ ಅಲೆಯುತ್ತಿದ್ದ ರೈತರು ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟು, ನಿಂತ ಕಾಲಲ್ಲೇ ಪಹಣಿ ಪಡೆಯುವಂತಾಯಿತು.

ಇಷ್ಟಾದರೂ ಕಂಪ್ಯೂಟರಿನ ನಿಜವಾದ ಶಾರ್ಟ್‌ಕಟ್‌ಗಳು ಕನ್ನಡಕ್ಕೆ ಒದಗಿದ್ದು ತಡವಾಗಿ. ಕತ್ತರಿಸು, ನಕಲಿಸು, ಅಂಟಿಸು ಎಂಬ ಉಪಾಯವನ್ನು ಲ್ಯಾರಿ ಟೆಸ್ಲರ್ ಮತ್ತವರ ಸಹೋದ್ಯೋಗಿಗಳು 1970ರ ದಶಕದಲ್ಲೇ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ಬಳಕೆಗೆ ತಂದಿದ್ದರು. ಅದಕ್ಕೆ ಎಡಗೈ ಬೆರಳಿಗೆ ಸಿಗುವ ಎಕ್ಸ್, ಸಿ, ವಿ ಕೀಲಿಗಳು ಮುಂದೆ ಎಲ್ಲೆಡೆ ರೂಢಿಯಾದವು. ಆದರೆ ಕಂಪ್ಯೂಟರಿಗೆ ಮೊದಮೊದಲು ಬಂದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್. ಡಿಟಿಪಿ ಅಂಗಡಿಯ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುತ್ತಿದ್ದುದು ಚಿತ್ರವಿಚಿತ್ರ ಚಿಹ್ನೆಗಳು. ಕಡತಕ್ಕೆ ಕನ್ನಡದ ಹೆಸರಿಡುವಂತಿರಲಿಲ್ಲ; ಹುಡುಕಿದರೆ ಸಿಗುತ್ತಿರಲಿಲ್ಲ; ಅಕಾರಾದಿಯಾಗಿ ಜೋಡಿಸಲೂ ಆಗುತ್ತಿರಲಿಲ್ಲ.

ಇದಕ್ಕೆ ಮದ್ದು ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೂ ಅದು ಜನಸಾಮಾನ್ಯರ ಕಂಪ್ಯೂಟರ್ ತಲುಪಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟಿನೊಂದಿಗೆ ಕನ್ನಡ ಬಂತು. ಪುಸ್ತಕ, ಪತ್ರಿಕೆಗಳ ಪುಟ ಕಟ್ಟುವವರು ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ಮಾತ್ರ ಕೊನೆಯವರೆಗೂ ಯೂನಿಕೋಡ್ ಕನ್ನಡಕ್ಕೆ ಒಗ್ಗಲಿಲ್ಲ. ಹಾಗಾಗಿ ಹಳೆಯ ಫಾಂಟುಗಳು ಅಚ್ಚಿನ ಮನೆಗಳಲ್ಲಿ ಬಹುಕಾಲ ಉಳಿದವು.

ಇಂದು ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದು. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಂಡಿದ್ದರೆ ಸಾಕು. ವಿಂಡೋಸ್ 10ಕ್ಕೆ 2018ರಲ್ಲಿ ಬಂದ ಸೌಲಭ್ಯ ಇನ್ನೊಂದು: ಅದನ್ನು ಒಮ್ಮೆ ಆನ್ ಮಾಡಿಕೊಂಡರೆ, ವಿಂಡೋಸ್ ಕೀಲಿಯೊಂದಿಗೆ ವಿ ಒತ್ತಿದಾಗ ಈಚೆಗೆ ನಕಲಿಸಿದ್ದೆಲ್ಲ ಸಾಲಾಗಿ ತೆರೆದುಕೊಳ್ಳುತ್ತದೆ. ಅರ್ಜಿಯಿಂದ ಅರ್ಜಿಗೆ ಅದೇ ಹಳ್ಳಿ, ಅದೇ ಹೋಬಳಿ ಬರೆಯುವವರಿಗೆ ಇದು ವರದಾನ. ಕಂಟ್ರೋಲ್ ಜೊತೆ ಎಫ್ ಒತ್ತಿ ‘ಕಂಪ್ಲಿ’ ಎಂದು ಬರೆದರೆ ನೂರು ಪುಟದ ಕಡತದಲ್ಲೂ ಕಂಪ್ಲಿ ಸಿಗುತ್ತದೆ, ಕಡತ ಯೂನಿಕೋಡಿನಲ್ಲಿದ್ದರೆ.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಮನೆಯಲ್ಲೋ ಕಚೇರಿಯಲ್ಲೋ ಅಂಥ ಕಡತಗಳಿದ್ದರೆ ಮೊದಲು ಅವನ್ನು ಬದಲಿಸಿ, ಒತ್ತಕ್ಷರ ಕೆಟ್ಟಿದೆಯೇ ಎಂದು ಒಮ್ಮೆ ಓದಿ ನೋಡಿ. ಶಾರ್ಟ್‌ಕಟ್ ಕಲಿಯುವುದು ಆಮೇಲಿನ ಕೆಲಸ.