ಗಾಜಿನಾಚೆಯ ಬಿಸಿಲು

ಮುಪ್ಪಿನಲ್ಲಿ ಮೂಳೆ ಮುರಿದರೆ ನಮ್ಮ ಹಿರಿಯರು ಅದನ್ನು ವಯೋಧರ್ಮವೆಂದು ಕರೆದು ಸುಮ್ಮನಾಗುತ್ತಿದ್ದರು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ನನ್ನ ಸೋದರತ್ತೆ ತಮ್ಮ ಕೊನೆಯ ವರ್ಷಗಳನ್ನು ಒಂದು ವೃದ್ಧಾಶ್ರಮದಲ್ಲಿ ಕಳೆದರು. ಹೊತ್ತಿಗೆ ಸರಿಯಾಗಿ ಊಟ, ಶುಭ್ರವಾದ ಹಾಸಿಗೆ, ಯಾವುದಕ್ಕೂ ಕೊರತೆಯಿರಲಿಲ್ಲ. ಜಾರಿ ಬಿದ್ದಾರೆಂಬ ಭಯದಿಂದ ಅಂಗಳಕ್ಕೆ ಮಾತ್ರ ಬಿಡುತ್ತಿರಲಿಲ್ಲ. "ಬಿಸಿಲು ಇಲ್ಲಿಗೇ ಬರುತ್ತದಲ್ಲೋ" ಎನ್ನುತ್ತ ಅತ್ತೆ ಗಾಜಿನ ಕಿಟಕಿಯ ಪಕ್ಕ ಕುಳಿತಿರುತ್ತಿದ್ದರು. ಆ ಕೋಣೆಯಲ್ಲಿಯೇ ಒಂದು ದಿನ ಬಿದ್ದು ಸೊಂಟದ ಮೂಳೆ ಮುರಿಯಿತು, ಮತ್ತೆ ಏಳಲಿಲ್ಲ. ಅವರು ತೀರಿಕೊಂಡ ಮೇಲೆ ನಾನು ಹುಡುಕಿ ಓದಿದ ಚರಿತ್ರೆ ಇದು.

1922ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಸಂಗಡಿಗರು ಕಾಡ್ ಮೀನಿನ ಎಣ್ಣೆಯಲ್ಲಿ 'ಡಿ' ಜೀವಸತ್ವವನ್ನು ಗುರುತಿಸಿದಾಗ ಎಲ್ಲರ ಕಣ್ಣೂ ಕಾಲು ಸೊಟ್ಟಗಾದ ಮಕ್ಕಳ ಮೇಲಿತ್ತು. ಮುದುಕರನ್ನು ನೆನೆದವರು ಕಡಿಮೆ. ಈ ಜೀವಸತ್ವ ಆಹಾರದಲ್ಲಿ ಸಿಕ್ಕುವುದು ಅತ್ಯಲ್ಪ. ಬಿಸಿಲಿನ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ದೇಹವೇ ಅದನ್ನು ಮಾಡಿಕೊಳ್ಳುತ್ತದೆ. ಆ ಕೆಲಸಕ್ಕೆ ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಅತ್ತೆಗೆ ದಕ್ಕಿದ್ದು ಬೆಳಕು ಮತ್ತು ಶಾಖ ಮಾತ್ರ. ಸಾಲದ್ದಕ್ಕೆ, ಇಪ್ಪತ್ತರ ಚರ್ಮಕ್ಕಿದ್ದ ಈ ಶಕ್ತಿ ಎಂಬತ್ತರ ಹೊತ್ತಿಗೆ ಅರ್ಧಕ್ಕಿಂತಲೂ ಇಳಿದಿರುತ್ತದೆಂದು 1985ರಲ್ಲಿ ಮೆಕ್‌ಲಾಗ್ಲಿನ್ ಮತ್ತು ಹಾಲಿಕ್ ತೋರಿಸಿದರು.

ಇದನ್ನು ವೃದ್ಧಾಶ್ರಮಗಳಲ್ಲಿಯೇ ಪರೀಕ್ಷಿಸಿದ ಹಿರಿಮೆ ಫ್ರಾನ್ಸಿನ ಲಿಯಾನ್ ನಗರದ ಮಾರಿ ಶಾಪ್ಯುಯಿ, ಪಿಯೆರ್ ಮೆನಿಯೆ ಮತ್ತು ಅವರ ಸಂಗಡಿಗರದು. 3,270 ವೃದ್ಧೆಯರು, ಸರಾಸರಿ ವಯಸ್ಸು 84, ಎಲ್ಲರೂ ನಡೆದಾಡಬಲ್ಲವರೇ. ಅರ್ಧದಷ್ಟು ಮಂದಿಗೆ ದಿನಕ್ಕೆ 800 ಘಟಕ 'ಡಿ' ಜೀವಸತ್ವ ಮತ್ತು 1.2 ಗ್ರಾಂ ಸುಣ್ಣದ ಸತ್ವ. ಉಳಿದವರಿಗೆ ಔಷಧಿಯಿಲ್ಲದ ಹುಸಿಗುಳಿಗೆ. ಹದಿನೆಂಟು ತಿಂಗಳು ಪೂರೈಸಿದವರನ್ನು ಎಣಿಸಿದಾಗ, ಔಷಧಿ ಪಡೆದವರಲ್ಲಿ ಸೊಂಟದ ಮೂಳೆ ಮುರಿದದ್ದು ನೂರಕ್ಕೆ 43ರಷ್ಟು ಕಡಿಮೆ. 1992ರಲ್ಲಿ ಇದು ಪ್ರಕಟವಾಯಿತು. ವಯೋಧರ್ಮಕ್ಕೆ ಅಷ್ಟು ಅಗ್ಗದ ಮದ್ದಿತ್ತೆಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲವೆನ್ನಿ. 1996ರಲ್ಲಿ ಆಮ್‌ಸ್ಟರ್‌ಡ್ಯಾಮಿನವರು 400 ಘಟಕವನ್ನಷ್ಟೇ ಕೊಟ್ಟು ನೋಡಿದರು, ಫಲ ಕಾಣಲಿಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ, ಹಿಂದೊಮ್ಮೆ ಮೂಳೆ ಮುರಿದು ಮನೆಗಳಲ್ಲೇ ವಾಸಿಸುತ್ತಿದ್ದ 5,292 ಹಿರಿಯರಲ್ಲಿಯೂ ಕಾಣಲಿಲ್ಲ. ಹಾಗಾದರೆ ಲಿಯಾನಿನ ಮಾತು ಹುಸಿಯೇ? ನನಗೆ ಹಾಗೆನಿಸದು. ಲಿಯಾನಿನ ವೃದ್ಧೆಯರ ನೆತ್ತರಿನಲ್ಲಿ ಜೀವಸತ್ವವೂ, ತಟ್ಟೆಯಲ್ಲಿ ಸುಣ್ಣದ ಸತ್ವವೂ ಬಹಳ ಕಡಿಮೆಯಿದ್ದವು. ಬರಿದಾದ ಕೊಡಕ್ಕೆ ನೀರು ಹೊಯ್ದರೆ ನಿಲ್ಲುತ್ತದೆ. ತುಂಬಿದ್ದಕ್ಕೆ ಹೊಯ್ದರೆ ಚೆಲ್ಲುತ್ತದೆ. ನಮ್ಮ ಅತ್ತೆಯ ಕೊಡದಲ್ಲಿ ಎಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ. ಅಳೆಯಿರೆಂದು ನಾನೂ ಕೇಳಿರಲಿಲ್ಲ.

ಈಚೆಗೆ ಆ ಆಶ್ರಮಕ್ಕೆ ಹೋದಾಗ, ಅಂಗಳದಲ್ಲಿ ಕೈಹಿಡಿಯ ಕಟಕಟೆ ಹಾಕಿಸಿ ಎಲ್ಲರನ್ನೂ ದಿನಕ್ಕೊಮ್ಮೆ ಹೊರಗೆ ಕರೆತನ್ನಿ ಎಂದು ಬೇಡಿಕೊಂಡೆ. ಖರ್ಚು ನಾನು ಕೊಡುತ್ತೇನೆಂದೂ ಹೇಳಿದೆ. ಯೋಚಿಸುತ್ತೇವೆ ಎಂದಿದ್ದಾರೆ.